‘ವಂಚಿಸಿದನು’ ಎಂಬ ಮಾತು

ಕ್ರಿಯಾಪದವು ವಾಕ್ಯಕ್ಕೆ ಪ್ರಾಣಪ್ರಾಯವಾದುದೆಂಬುದನ್ನು ವ್ಯಾಕರಣ ಕಲಿತ ಬಾಲಕರೂ ಬಲ್ಲರು. ಅದು ಕೆಲವೊಮ್ಮೆ ಮನುಷ್ಯನ ಮಾನಕ್ಕೂ ಪ್ರಾಣಪ್ರಾಯವಾದುದೆಂಬುದನ್ನು ದೊಡ್ಡವರೂ ಮರೆಯುವುದುಂಟು. ‘ಅವನು ಕೊಡಲಿಲ್ಲ’ ಎಂದರೆ ನಡೆದ ಸಂಗತಿಯನ್ನು ಹೇಳಿದಂತಾಯಿತು. ‘ಅವನು ವಂಚಿಸಿದನು’ ಎಂದರೆ ಪರರ ಅಂತಃಕರಣವನ್ನು ಹೊಕ್ಕು ಅಲ್ಲಿದ್ದುದನ್ನು ಕಂಡೆನೆಂದು ಸಾಕ್ಷಿ ನುಡಿದಂತಾಯಿತು.

ತಿಪಟೂರಿನ ಸೀಮೆಯಲ್ಲಿ ಉಂಡೆಕೊಬ್ಬರಿಯ ವ್ಯಾಪಾರವು ಪ್ರಸಿದ್ಧವಷ್ಟೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟ ಮೇಲೆ ಸುಲಿದು ಒಡೆಯುತ್ತಾರೆ. ಆದುದರಿಂದ ಮುಂಗಡ ಕೊಟ್ಟ ದಿನಕ್ಕೂ ಕೊಬ್ಬರಿ ಕೈಸೇರುವ ದಿನಕ್ಕೂ ನಡುವೆ ಒಂದು ಸಂವತ್ಸರವೇ ಕಳೆಯುವುದುಂಟು. ಆ ಸೀಮೆಯ ರೈತನೊಬ್ಬನು ತನ್ನ ಚಿಕ್ಕಪ್ಪನ ಮಗನಿಗೆ ಹೀಗೆ 60,000 ರೂಪಾಯಿ ಮುಂಗಡ ಕೊಟ್ಟಿದ್ದನು. ವರ್ಷ ತಿರುಗಿತು, ಕೊಬ್ಬರಿಯೂ ಬರಲಿಲ್ಲ, ಹಣವೂ ಬರಲಿಲ್ಲ. ರೈತನು ತಾಲ್ಲೂಕು ಕಚೇರಿಯ ಬಳಿ ಕುಳಿತುಕೊಳ್ಳುವ ಪತ್ರಬರಹಗಾರರಲ್ಲಿಗೆ ಬಂದು, “ನನ್ನ ತಮ್ಮ ನನ್ನನ್ನು ವಂಚಿಸಿದ್ದಾನೆ ಅಂತ ಪೊಲೀಸರಿಗೆ ಒಂದು ದೂರು ಬರೆದುಕೊಡಿ ಸ್ವಾಮಿ” ಎಂದನು.

ಆ ವೃದ್ಧರು ಲೇಖನಿಯನ್ನು ತೆಗೆದುಕೊಂಡವರು ಅದನ್ನು ಕೆಳಗಿಟ್ಟು ಕೇಳಿದರು: “ಬರೆಯೋಣ ಗೌಡರೆ. ಹಣ ಇಸಕೊಂಡ ದಿನವೇ ಕೊಬ್ಬರಿ ಕೊಡಬಾರದೆಂಬ ಮನಸ್ಸು ನಿಮ್ಮ ತಮ್ಮನಿಗಿತ್ತೆ?”

“ಆವತ್ತು ಎಲ್ಲಿಂದ ಬರಬೇಕು ಸ್ವಾಮಿ? ಆ ದುಡ್ಡಿನಲ್ಲೇ ತೋಟಕ್ಕೆ ಗೊಬ್ಬರ ಹೊಡೆಸಿದ. ಆಮೇಲೆ ನುಸಿ ಬಿತ್ತು, ಕಾಯಿ ಕಿರಿದಾಯಿತು, ಅರ್ಧ ಉದುರಿಹೋಯಿತು.”

“ಈಗ?”

“ಈಗ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ.”

ಈ ಕಡೆಯ ಮಾತಿನಲ್ಲಿಯೇ ಸಮಸ್ತ ವಿಷಯವೂ ಅಡಗಿದೆ. ‘ವಂಚಿಸು’ ಎಂಬುದರ ಮೂಲವಾದ ಸಂಸ್ಕೃತ ಧಾತುವಿಗೆ ಗಮನವೆಂಬುದು ಒಂದು ಅರ್ಥ. ಆ ಧಾತುವಿನ ಪ್ರೇರಣಾರ್ಥಕ ರೂಪವು ಇನ್ನೊಬ್ಬನನ್ನು ಮರುಳುಗೊಳಿಸುವುದೆಂಬ ಅರ್ಥವನ್ನು ಕೊಟ್ಟಾಗ ಆತ್ಮನೇಪದವಾಗಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಆ ಅರ್ಥವಿಲ್ಲದೆಡೆಗೆ ಕಾಶಿಕಾವೃತ್ತಿಯು ಕೊಡುವ ಉದಾಹರಣೆ ಸೊಗಸಾದುದು: ದಾರಿಯಲ್ಲಿ ಹಾವನ್ನು ಕಂಡವನು ಅದನ್ನು ತಪ್ಪಿಸಿಕೊಂಡು ಹೋಗುತ್ತಾನೆ. ಅಲ್ಲಿಯೂ ಧಾತು ಅದೇ, ಆದರೆ ಪ್ರತ್ಯಯ ಬೇರೆ. ವಂಚಿಸುವವನಿಗೂ ಅಂಜಿ ತಪ್ಪಿಸಿಕೊಳ್ಳುವವನಿಗೂ ಇರುವ ಭೇದವನ್ನು ವೈಯಾಕರಣರು ಒಂದು ಪ್ರತ್ಯಯದಿಂದ ಕಾಪಾಡಿದರು. ಕನ್ನಡದಲ್ಲಿ ಆ ಪ್ರತ್ಯಯಭೇದವಿಲ್ಲ; ಆದುದರಿಂದ ಆಡುವವನ ವಿವೇಕವೇ ಅದನ್ನು ಕಾಪಾಡಬೇಕು.

ಧರ್ಮಶಾಸನವೂ ಈ ಭೇದವನ್ನು ಬಿಟ್ಟಿಲ್ಲ. 1860ರ ಭಾರತ ದಂಡ ಸಂಹಿತೆಯ 415ನೆಯ ಪ್ರಕರಣದಲ್ಲಿ ವಂಚನೆಗೆ ಲಕ್ಷಣ ಹೇಳಿ, ನೀಲಿಗಿಡದ ವ್ಯಾಪಾರದ ದೃಷ್ಟಾಂತವೊಂದನ್ನು ಕೊಟ್ಟಿದ್ದರು. ಒದಗಿಸುವ ಮನಸ್ಸೇ ಇಲ್ಲದೆ, ಒದಗಿಸುವೆನೆಂದು ನಂಬಿಸಿ ಮುಂಗಡ ಪಡೆದವನು ವಂಚಕ; ಪಡೆಯುವಾಗ ಒದಗಿಸುವ ಮನಸ್ಸಿದ್ದು ಆಮೇಲೆ ಕರಾರನ್ನು ಮುರಿದವನು ವಂಚಕನಲ್ಲ, ಅವನ ಮೇಲೆ ಸಿವಿಲ್ ವ್ಯಾಜ್ಯ ಮಾತ್ರ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯು ಈಗ ಅದರ 318ನೆಯ ಪ್ರಕರಣದಲ್ಲಿದೆ.

ಇನ್ನು ನಿತ್ಯದ ಮಾತಿನಲ್ಲಿ ಈ ಪದಗಳನ್ನು ಬಳಸುವ ಕ್ರಮವನ್ನು ನೋಡಬಹುದು. ‘ವಂಚಿಸು’ ಎಂಬುದು ದ್ವಿತೀಯೆಯನ್ನು ಬಯಸುತ್ತದೆ: ವರ್ತಕನು ಗಿರಾಕಿಯನ್ನು ವಂಚಿಸಿದನು. ‘ಮೋಸಮಾಡು’ ಎಂಬುದು ಚತುರ್ಥಿಯನ್ನು ಬಯಸುತ್ತದೆ: ವರ್ತಕನು ಗಿರಾಕಿಗೆ ಮೋಸಮಾಡಿದನು. ‘ಮೋಸಹೋಗು’ ಎಂದಾಗ ನಷ್ಟಪಟ್ಟವನೇ ಕರ್ತೃವಾಗುತ್ತಾನೆ: ಗಿರಾಕಿಯು ವರ್ತಕನ ಮಾತಿಗೆ ಮೋಸಹೋದನು. ತೆಲುಗಿನವರ ‘ಮೋಸಪೋವು’ ಎಂಬುದೂ ಇದೇ ಬಗೆಯದು. ಈ ಮೂರನೆಯದಕ್ಕೆ ಮೋಸಗಾರನು ಇರಲೇಬೇಕೆಂಬ ನಿಯಮವಿಲ್ಲ. ಹಣ್ಣಿನ ಬಣ್ಣ ನೋಡಿ ಮೋಸಹೋದೆನೆಂದರೆ ಹಣ್ಣು ಅಪರಾಧಿಯಾಗುವುದಿಲ್ಲ. ‘ಪ್ರಾಣಕ್ಕೇನೂ ಮೋಸವಿಲ್ಲ’ ಎಂದು ವೈದ್ಯರು ಹೇಳಿದಾಗಲಂತೂ ಮೋಸವೆಂದರೆ ಅಪಾಯವೆಂದಷ್ಟೇ ಅರ್ಥ.

ಕರ್ತೃವು ಹೀಗೆ ಮರೆಯಾಗುವುದರಿಂದ ವಿಪರೀತವಾದ ಅನ್ಯಾಯವೂ ಆಗುವುದುಂಟು. ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ದೂರವಾಣಿಯಲ್ಲಿ ಮಾತನಾಡಿ, ಓಟಿಪಿ ಕೇಳಿ ಪಡೆದು, ಒಬ್ಬ ವಿಧವೆಯ ಉಳಿತಾಯವನ್ನೆಲ್ಲ ಎತ್ತಿಕೊಳ್ಳುತ್ತಾರೆ. ಆಕೆ ನಾಲ್ಕು ಜನರೆದುರು, “ನಾನು ಮೋಸಹೋದೆ, ನನ್ನ ಬುದ್ಧಿಗೆ ಮಂಕು ಕವಿಯಿತು” ಎಂದು ತಲೆತಗ್ಗಿಸುತ್ತಾಳೆ. ನಾಚಿಕೆಯಿಂದ ಮಕ್ಕಳಿಗೂ ಹೇಳುವುದಿಲ್ಲ. ಆ ವಾಕ್ಯದಲ್ಲಿ ಕಳ್ಳನು ಎಲ್ಲಿದ್ದಾನೆ? ಇಲ್ಲವೇ ಇಲ್ಲ. ಕೊಟ್ಟವಳೊಬ್ಬಳೇ ಕಟಕಟೆಯಲ್ಲಿ ನಿಂತಿದ್ದಾಳೆ. ಇಲ್ಲಿ ಮೊದಲಿನಿಂದಲೂ ಕಪಟಬುದ್ಧಿಯೇ ಇದ್ದುದರಿಂದ, “ನನ್ನನ್ನು ವಂಚಿಸಿದರು” ಎಂಬುದೇ ಸರಿಯಾದ ವಾಕ್ಯ. ಹಾಗೆ ಹೇಳುವ ಧೈರ್ಯ ಬಂದರೆ, ಇಂತಹ ದೂರುಗಳಿಗೆಂದೇ ಇರುವ 1930 ಎಂಬ ಸಹಾಯವಾಣಿಗೆ ಕೂಡಲೇ ತಿಳಿಸುವ ಧೈರ್ಯವೂ ಬರುತ್ತದೆ. ತಡಮಾಡಿದಷ್ಟೂ ಹೋದ ಹಣವು ದೂರವಾಗುತ್ತದೆ.

ಹೀಗೆ ಒಂದೆಡೆ ವಂಚಕನಲ್ಲದವನ ತಲೆಯ ಮೇಲೆ ವಂಚನೆಯನ್ನು ಹೊರಿಸುತ್ತೇವೆ. ಇನ್ನೊಂದೆಡೆ ನಿಜವಾದ ವಂಚಕನನ್ನು ವಾಕ್ಯದಿಂದಲೇ ಬಿಟ್ಟುಕಳುಹಿಸುತ್ತೇವೆ. ಎರಡೂ ಕ್ರಿಯಾಪದದ ದೋಷಗಳೇ. ಪರೀಕ್ಷೆಯಲ್ಲಿ ಇಂತಹ ತಪ್ಪಿಗೆ ಒಂದು ಅಂಕ ಕಳೆಯುವುದು; ಲೋಕವ್ಯವಹಾರದಲ್ಲಿ ಒಬ್ಬನ ಮಾನವೋ ಇನ್ನೊಬ್ಬಳ ಜೀವನಾಧಾರವೋ ಕಳೆದುಹೋಗುವುದು.

ಪತ್ರಬರಹಗಾರರು ಆ ದಿನ ದೂರನ್ನು ಬರೆಯಲಿಲ್ಲ. ‘ಮಾತಿಗೆ ತಪ್ಪಿದ್ದೀಯೆ, ಮುಂಗಡವನ್ನು ಕಂತುಗಳಲ್ಲಾದರೂ ಹಿಂದಿರುಗಿಸು’ ಎಂದು ತಮ್ಮನಿಗೆ ಒಂದು ಕಾಗದವನ್ನು ಬರೆದುಕೊಟ್ಟರು. ರೈತನಿಗೆ ಅದು ಸಪ್ಪೆಯಾಗಿ ತೋರಿತು. “ಇಷ್ಟೇ ಸಾಕೆ ಸ್ವಾಮಿ?” ಎಂದನು. “ನಡೆದದ್ದು ಇಷ್ಟೇ ಅಲ್ಲವೆ ಗೌಡರೆ?” ಎಂದು ಅವರು ಕಾಗದವನ್ನು ಮಡಿಸಿ ಅವನ ಕೈಗಿತ್ತರು.

ಯುಗಾದಿಯ ಹೊತ್ತಿಗೆ 20,000 ರೂಪಾಯಿ ಬಂದಿತು. ಉಳಿದುದು ಇನ್ನೂ ಬರಬೇಕಾಗಿದೆ. ಆದರೆ ತಮ್ಮನು ಅಣ್ಣನನ್ನು ಕಂಡಾಗ ದಾರಿ ಬದಲಿಸುವುದನ್ನು ಬಿಟ್ಟಿದ್ದಾನೆ.