ಅರೆಮಂಡಿಯೂ ತೊಡೆಸಂದಿನ ನೋವೂ
ಅಮೆರಿಕದಲ್ಲಿ ಬೇಸಿಗೆಯೆಂದರೆ ರಂಗಪ್ರವೇಶಗಳ ಸುಗ್ಗಿ. ಹಾಲ್ ಬುಕ್ ಆಗಿರುತ್ತದೆ, ಅಜ್ಜಿ-ತಾತನ ಟಿಕೆಟ್ಟೂ ಬಂದಿರುತ್ತದೆ. ಆಗಲೇ ಮಗಳು ತೊಡೆಸಂದು ನೋವೆನ್ನುತ್ತಾಳೆ.

"ಉಳುಕಿರಬೇಕು ಡಾಕ್ಟ್ರೇ, ಎಣ್ಣೆ ತಿಕ್ಕಿದ್ದೇವೆ" ಎನ್ನುತ್ತಾರೆ ತಾಯಂದಿರು. ಎಷ್ಟೋ ಸಲ ಉಳುಕೇ ಇರುತ್ತದೆ. ಅರೆಮಂಡಿಯಲ್ಲಿ ತೊಡೆ ಹೊರಳಬೇಕಾದದ್ದು ಸೊಂಟದ ಕೀಲಿನಿಂದ. ಅದೆಷ್ಟು ಹೊರಳೀತೆಂಬುದು ಬಹುಮಟ್ಟಿಗೆ ಮೂಳೆಯ ಆಕಾರಕ್ಕೆ ಬಿಟ್ಟದ್ದು, ಗುರುಗಳ ಗದರಿಕೆಗಲ್ಲ!

ನಾನು ಕೇಳುವುದೇ ಬೇರೆ. ನಡೆದಾಗಲೂ, ರಾತ್ರಿ ಮಲಗಿದಾಗಲೂ ನೋವೇ? ತೆಳ್ಳಗಾಗಲೆಂದು ಊಟ ಬಿಟ್ಟಿದ್ದಾಳೆಯೇ? ಮುಟ್ಟು ನಿಂತಿದೆಯೇ? ಹಾಗಿದ್ದರೆ ತೊಡೆಮೂಳೆಯ ಕತ್ತಿನಲ್ಲಿ ಸಣ್ಣ ಬಿರುಕಿರಬಹುದು. ಮೊದಲ ವಾರಗಳಲ್ಲಿ ಎಕ್ಸ್-ರೇ ಅದನ್ನು ತೋರಿಸದಿರಬಹುದು, ಎಂಆರ್‌ಐ ಬೇಕು. ಹಾಗೇ ಕುಣಿದರೆ ಮೂಳೆ ಪೂರ್ತಿ ಮುರಿದೀತು.

ಕೆಲವರಿಗೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಊರುಗೋಲು. ಆಮೇಲೆ ಸೊಂಟದ ಸ್ನಾಯುಗಳ ವ್ಯಾಯಾಮ, ತಿಂಗಳುಗಳ ನಂತರ ಅಡವು, ಜಿಗಿತ ಕೊನೆಗೆ. ಅಷ್ಟರವರೆಗೆ ಅಭಿನಯವನ್ನು ಕುಳಿತೇ ಅಭ್ಯಾಸ ಮಾಡಲಿ. ಹಾಲ್‌ನವರನ್ನು ಬೇರೆ ತಾರೀಖು ಕೇಳಿನೋಡಿ.