ಒಂದು ಪದ, ಅರ್ಧ ರೊಟ್ಟಿ

ಮಂಗಳೂರಿನಲ್ಲಿ ನಾನು ದುಡಿಯುತ್ತಿದ್ದ ಸಂಸ್ಥೆಯಲ್ಲಿ ಒಂದು ದಿನದ ತರಬೇತಿ ಏರ್ಪಡಿಸಿದ್ದರು. ಟೀಮ್ ವರ್ಕ್, ಲೀಡರ್‌ಶಿಪ್, ಫೀಡ್‌ಬ್ಯಾಕ್, ಡೆಡ್‌ಲೈನ್ ಹೀಗೆ ಪರದೆಯ ಮೇಲೆ ಇಂಗ್ಲಿಷ್ ಪದಗಳು ಒಂದರ ಹಿಂದೊಂದು ಬಂದವು. ಕನ್ನಡ ಮಾಧ್ಯಮದಲ್ಲಿ ಕಲಿತ ನಾನು ಎಲ್ಲವನ್ನೂ ಬರೆದುಕೊಂಡೆ. ಪಕ್ಕದಲ್ಲಿದ್ದ ಗೋದಾಮಿನ ಹಿರಿಯರು ಪೆನ್ನು ಮುಟ್ಟಲಿಲ್ಲ. ಅವರನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು.

ಕೊನೆಗೆ ತರಬೇತುದಾರರು ಅವರನ್ನೇ ಎಬ್ಬಿಸಿ, 'ಡೆಲಿಗೇಶನ್' ಎಂದರೇನು ಎಂದು ಕೇಳಿದರು. ಕಾಕ ತಲೆ ತಗ್ಗಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನಗೆ ಕೆಲಸ ಕಲಿಸಿದವರು ಅವರೇ. ಒಂದು ದಿನ ಗೋದಾಮಿನ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಇನ್ನು ನೀನೇ ನೋಡಿಕೋ ಮಗಾ, ತಪ್ಪಾದರೆ ನಾನಿದ್ದೇನೆ" ಎಂದಿದ್ದರು. ಡೆಲಿಗೇಶನ್ ಎಂದರೆ ಅದೇ ಅಲ್ಲವೇ?

ಆ ರಾತ್ರಿ ನಿದ್ದೆ ಬರಲಿಲ್ಲ. ನಿಘಂಟು ತೆರೆದು ಕುಳಿತೆ. 'ಟೀಮ್' ಎಂಬುದು ಹಿಂದೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿಗೂ ಸಲ್ಲುತ್ತಿದ್ದ ಪದ. 'ಡೆಡ್‌ಲೈನ್' ಅಮೆರಿಕದ ಅಂತರ್ಯುದ್ಧದ (1861-65) ಕಾಲದಲ್ಲಿ ಕೈದಿಗಳ ಶಿಬಿರದೊಳಗೆ ಎಳೆದ ಗೆರೆ. ದಾಟಿದವನಿಗೆ ಗುಂಡೇ ಗತಿ. 'ಕಂಪೆನಿ'ಯ ಲ್ಯಾಟಿನ್ ಮೂಲದಲ್ಲಿರುವುದು 'ಜೊತೆ' ಮತ್ತು 'ರೊಟ್ಟಿ'.

ಇಂಗ್ಲಿಷ್ ಇಂದು ಅನ್ನ ಕೊಡುವ ಭಾಷೆ. ಅದನ್ನು ಕಲಿಯಲೇಬೇಕು. ಆದರೆ ಪದ ಗೊತ್ತಿಲ್ಲದವರಿಗೆ ಕೆಲಸವೂ ಗೊತ್ತಿಲ್ಲವೆಂದು ನಗುವುದನ್ನು ನಮಗೆ ಕಲಿಸಿದವರು ಯಾರು?

ಮರುದಿನ ಮಧ್ಯಾಹ್ನ ಬುತ್ತಿ ಹಿಡಿದು ಗೋದಾಮಿಗೆ ಹೋದೆ. "ನಕ್ಕದ್ದು ತಪ್ಪಾಯಿತು ಕಾಕ" ಎಂದೆ. ಅವರು ಏನೂ ಹೇಳಲಿಲ್ಲ. ತಮ್ಮ ಡಬ್ಬಿಯ ಅಕ್ಕಿರೊಟ್ಟಿ ಮುರಿದು, ಅರ್ಧವನ್ನು ನನ್ನ ಮುಂದಿಟ್ಟರು.