ಸೆಟಪ್ ಆಗದ ಸಿಡಿ, ಒಳಗೇ ಉಳಿದ ಪದ

ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಅಂದ್ರೆ ನಮಗೆಲ್ಲ ಒಂದು ಚಹಾ ಕುಡಿದು ಬರೋ ಹೊತ್ತಿನ ಕೆಲಸ. ಡಿಟಿಪಿ ಅಂಗಡಿಯವರಿಗೆ ಹಾಗಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ ಮಾಡಿಕೊಂಡಿರುವ ನಮ್ಮ ಕಾಕಾ, ಹಳೇ 32-ಬಿಟ್ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಟ್ಟು ವಿಂಡೋಸ್ 11ಕ್ಕೆ ಬಂದರು. ಹಳೇ ಪೇಜ್ ಲೇಔಟ್ ಸಾಫ್ಟ್‌ವೇರಿನ ಸಿಡಿ ಹಾಕಿದರೆ, ಈ ಪಿಸಿಯಲ್ಲಿ ಇದು ಓಡೋದಿಲ್ಲ ಅನ್ನೋ ಸಂದೇಶ ಬಂತು.

"ಮೊನ್ನೆ ಮಟಾ ಚಲೋ ನಡೀತಿತ್ತಲ್ಲೋ ತಮ್ಮಾ, ಈಗ ಏನಾತಿದಕ್ಕ?"

ಲಗ್ನಪತ್ರಿಕೆಯಾದರೆ ಹೊಸದಾಗಿ ಮಾಡಬಹುದಿತ್ತು. ಆದರೆ ನಿವೃತ್ತ ಮಾಸ್ತರೊಬ್ಬರು ಊರೂರು ತಿರುಗಿ ಬರಕೊಂಡಿದ್ದ ಬೀಸುವ ಪದಗಳು ಅದರಲ್ಲಿದ್ದವು. 2004ರಲ್ಲಿ ಕಾಕಾನೇ ಟೈಪ್ ಮಾಡಿದ್ದು. ಆಗ ದುಡ್ಡು ಸಾಲದೆ ಅರ್ಧ ಮಾತ್ರ ಅಚ್ಚಾಗಿತ್ತು. ಹಾಡಿದ ಅಜ್ಜಿಯರು ಈಗಿಲ್ಲ. ನೋಟ್‌ಬುಕ್ಕು ಗೆದ್ದಲು ತಿಂದಿದೆ.

ದೀಪಾವಳಿಗೆ ಊರಿಗೆ ಹೋದಾಗ ಕೂತು ನೋಡಿದೆ. ಹಳೇ ಸಾಫ್ಟ್‌ವೇರ್ ಕೈಕೊಟ್ಟರೆ ಎಲ್ಲರೂ ಮೊದಲು ಮಾಡೋದು ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಮೋಡ್. ವಿಂಡೋಸ್ ವರ್ಶನ್ ನೋಡಿ ಮುನಿಸಿಕೊಳ್ಳೋ ಪ್ರೋಗ್ರಾಮಿಗೆ ಅದು ಸಾಕು. ಡಾಟ್‌ನೆಟ್ 3.5 ಕೇಳಿ 0x800ಎಫ್081ಎಫ್ ಅಂತ ಎರರ್ ಬಂದರೆ, ಅದೇ ವರ್ಶನ್ನಿನ ವಿಂಡೋಸ್ ಡಿಸ್ಕಿನ ಎಸ್‌ಎಕ್ಸ್‌ಎಸ್ ಫೋಲ್ಡರಿನಿಂದ ಅದನ್ನು ಹಾಕಿಕೊಳ್ಳಬಹುದು. ಕಾಕಾನ ಸಮಸ್ಯೆ ಬೇರೆ. 1990ರ ದಶಕದ ಎಷ್ಟೋ ಪ್ರೋಗ್ರಾಮುಗಳು 32-ಬಿಟ್ ಆಗಿದ್ದರೂ ಅವುಗಳ ಸೆಟಪ್ ಫೈಲ್ ಮಾತ್ರ 16-ಬಿಟ್. 64-ಬಿಟ್ ವಿಂಡೋಸಿನಲ್ಲಿ ಅದು ಏಳೋದೇ ಇಲ್ಲ. ವಿಂಡೋಸ್ 11 ಬರೋದೇ 64-ಬಿಟ್‌ನಲ್ಲಿ.

ಕಪಾಟಿನಲ್ಲಿ ಬಿಲ್ ಸಮೇತ ಎಕ್ಸ್‌ಪಿ ಸಿಡಿ ಸಿಕ್ಕಿತು. ವರ್ಚುವಲ್ ಮಷೀನ್ ಮಾಡಿ, ಇಂಟರ್ನೆಟ್ ಕೊಡದೆ, ಅದರೊಳಗೆ 32-ಬಿಟ್ ಎಕ್ಸ್‌ಪಿ ಹಾಕಿದೆ. ಸೆಟಪ್ ಓಡಿತು, ಫೈಲು ತೆರೀತು.

"ಮುಗೀತಲ್ಲಪಾ!" ಅಂದರು ಕಾಕಾ.

ಮುಗಿದಿರಲಿಲ್ಲ. ಪಠ್ಯವನ್ನು ಹೊರಗೆ ತಂದರೆ ಟೋಪಿ-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇವೆರಡರಲ್ಲೇ ನಮ್ಮಲ್ಲಿ ಎಷ್ಟೋ ಜನ ಕನ್ನಡ ಟೈಪಿಂಗ್ ಕಲಿತದ್ದು. ಅವುಗಳ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ, ಯಾವ ಕಂಪ್ಯೂಟರಿನಲ್ಲೂ ಅದು ಕನ್ನಡವೇ.

ಇದನ್ನು ಅದಕ್ಕೆ ಬದಲಾಯಿಸೋ ಉಚಿತ ಕನ್ವರ್ಟರುಗಳಿವೆ. ಆದರೆ ಅರ್ಕಾವತ್ತು ಕಾಡುತ್ತೆ. 'ಧರ್ಮ'ದಲ್ಲಿ ಅದು ಕಣ್ಣಿಗೆ ಕೊನೆಯಲ್ಲಿದೆ, ಹಳೇ ಫೈಲಿನಲ್ಲೂ ಕೊನೆಯಲ್ಲೇ. ಯೂನಿಕೋಡಿನಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಸ್ಥಳ ಬದಲಾಗುವಾಗ ಕೆಲವು ಕಡೆ ಎಡವಟ್ಟಾಯಿತು. ಎರಡು ದಿನ ಕಾಕಾ ಪ್ರೂಫ್ ನೋಡಿದರು. ಆಡುಮಾತಿನ ಪದಗಳಾದ್ದರಿಂದ ನಿಘಂಟು ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಮಾಸ್ತರರೇ ಬಂದು, ಒಂದೊಂದೇ ಪದವನ್ನು ರಾಗದಲ್ಲಿ ಹೇಳಿ ನೋಡಿದರು. ಧಾಟಿ ಮುಗ್ಗರಿಸಿದ ಕಡೆ ಬೆರಳಿಟ್ಟರೆ, ಅಲ್ಲೊಂದು ಅಕ್ಷರ ತಪ್ಪಿರುತ್ತಿತ್ತು.

ಹಳೇ ಸಾಫ್ಟ್‌ವೇರ್ ಓಡಿಸೋಕೆ ಹಟ ಹಿಡೀಬೇಕಾದದ್ದು ಒಂದೇ ಸಲ: ಒಳಗಿದ್ದದ್ದನ್ನು ಹೊರಗೆ ತರೋಕೆ. ತಂದಮೇಲೆ ಯೂನಿಕೋಡಿನಲ್ಲೊಂದು ಪ್ರತಿ, ಫಾಂಟ್ ಸೇರಿಸಿದ ಪಿಡಿಎಫ್ ಒಂದು ಇಟ್ಟುಬಿಡಿ. ಮುಂದಿನ ಅಪ್‌ಡೇಟಿಗೆ ಮತ್ತೆ ಇದೇ ಸರ್ಕಸ್ ಬೇಡ. ಸಿಡಿಗಳೂ ಹಾಳಾಗುತ್ತವೆ, ಸಿಡಿ ಡ್ರೈವ್ ಇರೋ ಲ್ಯಾಪ್‌ಟಾಪ್ ಈಗಲೇ ಅಪರೂಪ. ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳೋದರ ಜೊತೆಗೆ, ಹಳೇ ಸಿಡಿಗಳು ಎಲ್ಲಿವೆ ಅಂತಲೂ ಕೇಳಿ.